ರೈಡ್ ಕಂಟ್ರೋಲರಿನ ಬ್ಯಾಟರಿ ಎಚ್ಚರಿಕೆ: ರೈಟ್-ಬ್ಯಾಕ್ ಅನ್ನು ಬಲವಂತವಾಗಿ ಹಾಕಬಹುದೇ?

ರಥಬೀದಿ ಲೆಕ್ಕದವಳು | ಸೋಮವಾರ, ರಾತ್ರಿ 9.10

ಎಲ್ಲರಿಗೂ ನಮಸ್ಕಾರ. ಉಡುಪಿಯ ಒಂದು ಸಣ್ಣ ಪತ್ತಿನ ಸಹಕಾರಿ ಸಂಘದಲ್ಲಿ ಕೆಲಸ ಮಾಡುತ್ತೇನೆ. ಲೆಕ್ಕಪತ್ರದ ಜೊತೆಗೆ ಸರ್ವರಿನ ಉಸ್ತುವಾರಿಯೂ ನನ್ನ ಪಾಲಿಗೇ ಬಂದಿದೆ. ಓದಿದ್ದು ವಾಣಿಜ್ಯ, ಕಂಪ್ಯೂಟರಿನ ಕೆಲಸವೆಲ್ಲ ಮಾಡುತ್ತ ಕಲಿತದ್ದು.

ನಮ್ಮಲ್ಲಿ 38 ಜನ ಪಿಗ್ಮಿ ಸಂಗ್ರಾಹಕರಿದ್ದಾರೆ. ಸಂಜೆ ಐದೂವರೆಯಿಂದ ಒಬ್ಬೊಬ್ಬರಾಗಿ ಬಂದು, ದಿನದ ರಶೀದಿಗಳಿರುವ ಕೈಯಂತ್ರವನ್ನು ನಾಲ್ಕು ಕೌಂಟರುಗಳಲ್ಲಿ ಒಂದಕ್ಕೆ ಸಿಕ್ಕಿಸುತ್ತಾರೆ. ಮೊದಲು ಒಂದು ಯಂತ್ರಕ್ಕೆ ಒಂದು ನಿಮಿಷವೂ ಬೇಕಿರಲಿಲ್ಲ. ಎರಡು ವಾರದಿಂದ ಮೂರು, ನಾಲ್ಕು ನಿಮಿಷ ಹಿಡಿಯುತ್ತಿದೆ. ಹಿರಿಯಡಕದ ಕಡೆಗೆ ಹೋಗುವ ಹೆಂಗಸರು ಬಸ್ ತಪ್ಪಿಸಿಕೊಳ್ಳುತ್ತಿದ್ದಾರೆ. ಬೆಳಿಗ್ಗೆ, ಮಧ್ಯಾಹ್ನ ಯಾವ ತೊಂದರೆಯೂ ಕಾಣುವುದಿಲ್ಲ.

ಶನಿವಾರ ಸರ್ವರನ್ನು ನಿಲ್ಲಿಸಿ ಮತ್ತೆ ಚಾಲೂ ಮಾಡಿದೆ. ಪರದೆಯ ಮೇಲೆ ರೈಡ್ ಕಂಟ್ರೋಲರಿನ (ಹಲವು ಡಿಸ್ಕುಗಳನ್ನು ಒಂದಾಗಿ ನಡೆಸುವ ಕಾರ್ಡಿನ) ಬ್ಯಾಟರಿ ಇಲ್ಲ ಅಥವಾ ಕೆಟ್ಟಿದೆ ಅಥವಾ ಪೂರ್ತಿ ಖಾಲಿಯಾಗಿದೆ ಎಂಬರ್ಥದ ಸಾಲುಗಳು ಬಂದವು. ಮುಂದುವರಿಯಲು ಒಂದು ಕೀಲಿ ಒತ್ತಿ, ಈ ಎಚ್ಚರಿಕೆ ಇನ್ನು ಬೇಡವೆಂದರೆ ಇನ್ನೊಂದು ಕೀಲಿ ಒತ್ತಿ ಎಂದಿತ್ತು. ನಾನು ಸುಮ್ಮನೆ ಮುಂದುವರಿದೆ. ನಮ್ಮ ಸರ್ವರ್ ನೋಡಿಕೊಳ್ಳುವವರಿಗೆ ಫೋನ್ ಮಾಡಿದರೆ, "ಅದೇನೂ ಮುಖ್ಯವಲ್ಲ, ಸೆಟ್ಟಿಂಗಿನಲ್ಲಿ ರೈಟ್-ಬ್ಯಾಕ್ ಅನ್ನು ಬಲವಂತವಾಗಿ ಹಾಕಿಬಿಡಿ, ವೇಗ ಮರಳುತ್ತದೆ" ಎಂದರು. ಹಾಕಲು ಧೈರ್ಯ ಸಾಲುತ್ತಿಲ್ಲ. ನಾಲ್ಕು ಡಿಸ್ಕ್, ರೈಡ್ 5. ದಯವಿಟ್ಟು ತಿಳಿದವರು ಹೇಳಿ.

ಬೈಕಂಪಾಡಿ ಸರ್ವೀಸ್ | ಸೋಮವಾರ, ರಾತ್ರಿ 9.52

ಹಾಕಬೇಡಿ ಮೇಡಂ. ನಿಮಗೆ ಬಂದ ಅಳುಕು ಸರಿಯಾದದ್ದು.

ಕಂಟ್ರೋಲರ್ ಕಾರ್ಡಿನ ಮೇಲೆ ಸ್ವಲ್ಪ ಮೆಮೊರಿ ಇರುತ್ತದೆ, ಅದೇ ಕ್ಯಾಶ್. ಬ್ಯಾಟರಿ ಇರುವ ಹಳೆಯ ಕಾರ್ಡುಗಳಲ್ಲಿ 256 ಅಥವಾ 512 ಎಂಬಿ ಇರಬಹುದು. ರೈಟ್-ಬ್ಯಾಕ್ ಕ್ರಮದಲ್ಲಿ ದತ್ತಾಂಶ ಈ ಮೆಮೊರಿಗೆ ತಲುಪಿದ ಕೂಡಲೇ ಕಾರ್ಡು "ಬರೆದಾಯಿತು" ಎಂದು ಹೇಳಿಬಿಡುತ್ತದೆ. ಡಿಸ್ಕಿಗೆ ಬರೆಯುವುದು ಆಮೇಲೆ, ಬಿಡುವು ಸಿಕ್ಕಾಗ. ಹೇಳಿದ ಹೊತ್ತಿಗೂ ಬರೆಯುವ ಹೊತ್ತಿಗೂ ನಡುವೆ ಕರೆಂಟು ಹೋದರೆ ಆ ಮೆಮೊರಿಯನ್ನು ಜೀವಂತವಾಗಿ ಇಡುವುದೇ ಬ್ಯಾಟರಿಯ ಕೆಲಸ. ಅದು ಸರ್ವರಿಗೆ ಕರೆಂಟು ಕೊಡುವ ಬ್ಯಾಟರಿ ಅಲ್ಲ. ಆರೋಗ್ಯವಾಗಿದ್ದರೆ ಮಾದರಿಗೆ ತಕ್ಕಂತೆ 24ರಿಂದ 72 ಗಂಟೆ ಆ ಮೆಮೊರಿಯನ್ನು ಹಿಡಿದಿಡುತ್ತದೆ.

ಬ್ಯಾಟರಿ ನಂಬುವಂತಿಲ್ಲ ಎಂದು ಗೊತ್ತಾದಾಗ ಕಾರ್ಡು ತಾನೇ ರೈಟ್-ಥ್ರೂ ಕ್ರಮಕ್ಕೆ ಇಳಿಯುತ್ತದೆ. ಆಗ ಡಿಸ್ಕಿಗೆ ಬಿದ್ದ ಮೇಲೆಯೇ "ಆಯಿತು" ಎನ್ನುತ್ತದೆ. ನೀವು ನೋಡುತ್ತಿರುವ ನಿಧಾನ ಇದೇ. ಕಾರ್ಡು ನಿಮ್ಮ ಲೆಕ್ಕವನ್ನು ಕಾಯುತ್ತಿದೆ. ಬಲವಂತದ ರೈಟ್-ಬ್ಯಾಕ್ ಎಂದರೆ ಕಾವಲುಗಾರನನ್ನು ಮನೆಗೆ ಕಳುಹಿಸಿ ಬಾಗಿಲು ತೆರೆದಿಟ್ಟಂತೆ.

ನಾಳೆ ಇಷ್ಟು ನೋಡಿ ತಿಳಿಸಿ. ಮೆಗಾರೈಡ್ ತಳಿಯ ಕಾರ್ಡಾದರೆ ಮೆಗಾಸಿಎಲ್‌ಐ ಅಥವಾ ಸ್ಟೋರ್‌ಸಿಎಲ್‌ಐ, ಡೆಲ್ ಪರ್ಕ್ ಆದರೆ ಪರ್ಕ್‌ಸಿಎಲ್‌ಐ ಅಥವಾ ಓಪನ್‌ಮ್ಯಾನೇಜ್, ಎಚ್‌ಪಿ ಆದರೆ ಎಸ್‌ಎಸ್‌ಎ ಉಪಕರಣ ಬಳಸಿ. ಕ್ಯಾಶ್ ನೀತಿಯಲ್ಲಿ ಎರಡು ಸಾಲು ಇರುತ್ತವೆ: ಮೂಲ ನೀತಿ ಒಂದು, ಈಗ ನಡೆಯುತ್ತಿರುವ ನೀತಿ ಇನ್ನೊಂದು. ಎರಡನ್ನೂ ಬರೆದುಕೊಳ್ಳಿ. ಬ್ಯಾಟರಿಯ ವೋಲ್ಟೇಜ್, ಉಷ್ಣತೆ, ವಿನ್ಯಾಸದ ಸಾಮರ್ಥ್ಯ, ಈಗಿನ ಪೂರ್ಣ ಸಾಮರ್ಥ್ಯ, ಕೊನೆಯ ಲರ್ನ್ ಸೈಕಲ್‌ನ (ಕಾರ್ಡು ತಾನೇ ಬ್ಯಾಟರಿಯನ್ನು ಅಳೆಯುವ ಪರೀಕ್ಷೆಯ) ಫಲಿತಾಂಶ ಇವೂ ಬೇಕು. ಕಾರ್ಡಿನ ಘಟನೆಗಳ ದಾಖಲೆಯನ್ನೂ ಒಂದು ಕಡತಕ್ಕೆ ಇಳಿಸಿಟ್ಟುಕೊಳ್ಳಿ.

ಮಣಿಪಾಲ ಡೇಟಾ | ಸೋಮವಾರ, ರಾತ್ರಿ 10.31

ಸಂಜೆ ಮಾತ್ರ ಯಾಕೆ ನಿಧಾನ ಎಂಬುದಕ್ಕೆ ಲೆಕ್ಕ ಹೇಳುತ್ತೇನೆ, ಇದು ಗೊತ್ತಿದ್ದರೆ ಡಿಸ್ಕ್ ಕೆಟ್ಟಿದೆಯೋ ಎಂಬ ಭಯ ಹೋಗುತ್ತದೆ.

7200 ಆರ್‌ಪಿಎಂ ಡಿಸ್ಕ್ ಸೆಕೆಂಡಿಗೆ 120 ಸುತ್ತು ಸುತ್ತುತ್ತದೆ. ಒಂದು ಸುತ್ತಿಗೆ 8.3 ಮಿಲಿಸೆಕೆಂಡು. ಡೇಟಾಬೇಸ್ ಪ್ರತಿ ಕಮಿಟ್‌ನಲ್ಲಿ, ಅಂದರೆ ನಮೂದನ್ನು ಕಾಯಂ ಮಾಡುವಾಗ, "ನಿಜವಾಗಿ ಬರೆದೆಯಾ?" ಎಂದು ಕೇಳಿ ಕಾಯುತ್ತದೆ. ರೈಟ್-ಥ್ರೂ ಇದ್ದರೆ ಆ ಸುತ್ತು ಮುಗಿಯುವವರೆಗೆ ಕಾಯಲೇಬೇಕು. ಮೇಲಾಗಿ ನಿಮ್ಮದು ರೈಡ್ 5. ಒಂದು ಸಣ್ಣ ಬರಹಕ್ಕೆ ಹಳೆಯ ದತ್ತಾಂಶ ಓದು, ಹಳೆಯ ಪ್ಯಾರಿಟಿ (ಒಂದು ಡಿಸ್ಕ್ ಕೆಟ್ಟರೆ ದತ್ತಾಂಶವನ್ನು ಮರಳಿ ಕಟ್ಟಲು ಇಡುವ ಲೆಕ್ಕ) ಓದು, ಹೊಸ ದತ್ತಾಂಶ ಬರೆ, ಹೊಸ ಪ್ಯಾರಿಟಿ ಬರೆ ಎಂದು ನಾಲ್ಕು ಕೆಲಸ. ಒಂದೊಂದು ಬರಹಕ್ಕೂ 25 ಮಿಲಿಸೆಕೆಂಡು ಎಂದು ಹಿಡಿಯಿರಿ. ನಿಮ್ಮ ತಂತ್ರಾಂಶ ಒಂದು ರಶೀದಿಗೆ ಐದಾರು ಸಲ ಕಮಿಟ್ ಮಾಡಿ, ಪ್ರತಿ ಕಮಿಟ್‌ಗೆ ಕಡತ ವ್ಯವಸ್ಥೆ ಎರಡು ಮೂರು ಬರಹ ಸೇರಿಸಿದರೆ ರಶೀದಿಗೆ ಹತ್ತಿರ ಅರ್ಧ ಸೆಕೆಂಡು ಆಯಿತು. ನಾಲ್ಕು ಕೌಂಟರುಗಳು ಅವೇ ಡಿಸ್ಕುಗಳಿಗೆ ಕಿತ್ತಾಡಿದರೆ ಎರಡು ಸೆಕೆಂಡು. ಒಬ್ಬರ ಯಂತ್ರದಲ್ಲಿ ನೂರು ರಶೀದಿ ಇದ್ದರೆ ಮೂರು ನಿಮಿಷದ ಮೇಲೆ. ನೀವು ಹೇಳಿದ ಸಮಯಕ್ಕೆ ತಾಳೆಯಾಗುತ್ತದೆ.

ಬೆಳಿಗ್ಗೆ ಹೆಚ್ಚಿನದು ಓದುವ ಕೆಲಸ, ಅದಕ್ಕೆ ಬ್ಯಾಟರಿಯ ಹಂಗಿಲ್ಲ. ಪಿಗ್ಮಿ ಹುಟ್ಟಿದ ಊರಿನಲ್ಲಿ, 1928ರಲ್ಲಿ ದಿನಕ್ಕೆ ಎರಡಾಣೆಯಂತೆ ಮನೆ ಮನೆಯಿಂದ ಸಂಗ್ರಹಿಸಲು ಶುರು ಮಾಡಿದ ಪದ್ಧತಿಯೇ ಹೀಗೆ: ಸಣ್ಣ ಸಣ್ಣ ಮೊತ್ತ, ಲೆಕ್ಕವಿಲ್ಲದಷ್ಟು ನಮೂದು. ಸಣ್ಣ ಬರಹಗಳೇ ರೈಡ್ 5ಕ್ಕೆ ಅತಿ ಭಾರವಾದ ಕೆಲಸ.

ಕುಂದಾಪುರ ಶಾಖೆ | ಮಂಗಳವಾರ, ಬೆಳಿಗ್ಗೆ 7.15

ಗಡಿಬಿಡಿಯಲ್ಲಿ ಬ್ಯಾಟರಿ ಖರೀದಿಸುವ ಮೊದಲು ಲರ್ನ್ ಸೈಕಲ್ ನಡೆಯುತ್ತಿದೆಯೇ ನೋಡಿ. ಹಳೆಯ ಕಾರ್ಡುಗಳು ಮಾದರಿಗೆ ತಕ್ಕಂತೆ 30 ಅಥವಾ 90 ದಿನಕ್ಕೊಮ್ಮೆ ಬ್ಯಾಟರಿಯನ್ನು ಪೂರ್ತಿ ಇಳಿಸಿ ಮತ್ತೆ ತುಂಬಿ ಅದರ ನಿಜವಾದ ಸಾಮರ್ಥ್ಯವನ್ನು ಅಳೆಯುತ್ತವೆ. ಅದಕ್ಕೆ ಹಲವು ಗಂಟೆ ಹಿಡಿಯುತ್ತದೆ, ಆ ಹೊತ್ತಿನಲ್ಲಿ ರೈಟ್-ಥ್ರೂಗೆ ಇಳಿಯುವುದು ಸಹಜ. ನನಗೆ ಒಮ್ಮೆ ಮಾರ್ಚ್ ಕೊನೆಯ ದಿನ, ವರ್ಷಾಂತ್ಯದ ಲೆಕ್ಕದ ನಡುವೆಯೇ ಇದು ಬಂದು ಕೂತಿತ್ತು. ಇಡೀ ಮಧ್ಯಾಹ್ನ ಕೇಬಲ್ ಬದಲಿಸಿ, ಡಿಸ್ಕ್ ಪರೀಕ್ಷಿಸಿ ಸುಸ್ತಾದೆ. ರಾತ್ರಿ ತಾನಾಗಿಯೇ ಸರಿಹೋಯಿತು. ಅಂದಿನಿಂದ ಮುಂದಿನ ಸೈಕಲ್‌ನ ದಿನಾಂಕವನ್ನು ಕಚೇರಿಯ ಕ್ಯಾಲೆಂಡರಿನಲ್ಲಿ ಬರೆದಿಡುತ್ತೇನೆ. ಅನೇಕ ಕಾರ್ಡುಗಳಲ್ಲಿ 7 ದಿನದವರೆಗೆ ಮುಂದೂಡಬಹುದು.

ಬೈಕಂಪಾಡಿ ಸರ್ವೀಸ್ | ಮಂಗಳವಾರ, ಬೆಳಿಗ್ಗೆ 8.02

ನಿಜ, ಅದನ್ನು ನೋಡಲೇಬೇಕು. ಆದರೆ ಎರಡು ವಾರ ಎಳೆಯುವ ಲರ್ನ್ ಸೈಕಲ್ ಇಲ್ಲ.

ರಥಬೀದಿ ಲೆಕ್ಕದವಳು | ಮಂಗಳವಾರ, ಮಧ್ಯಾಹ್ನ 2.20

ಊಟದ ಬಿಡುವಿನಲ್ಲಿ ಎಲ್ಲವನ್ನೂ ಬರೆದುಕೊಂಡೆ. ಮೂಲ ನೀತಿ ರೈಟ್-ಬ್ಯಾಕ್, ಈಗಿನ ನೀತಿ ರೈಟ್-ಥ್ರೂ. ವೋಲ್ಟೇಜ್ 4.0, ಅದರ ಮುಂದೆ "ಸರಿ" ಎಂದಿದೆ. ಉಷ್ಣತೆ 51 ಡಿಗ್ರಿ. ಚಾರ್ಜ್ ಶೇಕಡ 97. ವಿನ್ಯಾಸದ ಸಾಮರ್ಥ್ಯ 1215 ಎಂಎಎಚ್, ಈಗಿನ ಪೂರ್ಣ ಸಾಮರ್ಥ್ಯ 388. ಲರ್ನ್ ಸೈಕಲ್ ಈಗ ನಡೆಯುತ್ತಿಲ್ಲ, ಕೊನೆಯದು ವಿಫಲ. "ಬದಲಿಸಬೇಕು" ಎಂಬ ಸಾಲಿನ ಮುಂದೆ "ಹೌದು" ಇದೆ.

ಚಾರ್ಜ್ 97 ಇರುವಾಗ ಬದಲಿಸಬೇಕು ಎಂದರೆ ಹೇಗೆ? ಇನ್ನೊಂದು ವಿಷಯ ನನ್ನನ್ನು ಬಹಳ ಕಾಡುತ್ತಿದೆ. ಘಟನೆಗಳ ದಾಖಲೆಯಲ್ಲಿ ಮೊದಲ ಎಚ್ಚರಿಕೆ ಬಂದು 47 ದಿನವಾಗಿದೆ. ಒಂದು ಇಮೇಲ್ ಬರುವಂತೆ ಮಾಡಿಟ್ಟಿದ್ದರೆ ಅಂದೇ ತಿಳಿಯುತ್ತಿತ್ತು.

ಬೈಕಂಪಾಡಿ ಸರ್ವೀಸ್ | ಮಂಗಳವಾರ, ಸಂಜೆ 4.05

ಶೇಕಡ 97 ಎಂಬುದು ಈಗ ಉಳಿದಿರುವ 388ರಲ್ಲಿ ಶೇಕಡ 97. ಕೊಡಪಾನ ಇದ್ದ ಜಾಗದಲ್ಲಿ ಈಗ ಚೊಂಬು ಇದೆ, ಚೊಂಬು ತುಂಬಿದೆ ಅಷ್ಟೆ. ವೋಲ್ಟೇಜ್ ಕೂಡ ಹಾಗೆಯೇ, ಮುದಿ ಲಿಥಿಯಂ ಬ್ಯಾಟರಿ ಕೂಡ ಭಾರ ಬೀಳುವವರೆಗೆ ಒಳ್ಳೆಯ ವೋಲ್ಟೇಜ್ ತೋರಿಸುತ್ತದೆ. ನೋಡಬೇಕಾದದ್ದು 1215ರ ಎದುರು 388. ಮೂರನೇ ಒಂದು ಭಾಗಕ್ಕೂ ಕಡಿಮೆ. ಬ್ಯಾಟರಿಯ ಆಯುಸ್ಸು ಮುಗಿದಿದೆ, ಮತ್ತೆ ಮತ್ತೆ ಲರ್ನ್ ಸೈಕಲ್ ಓಡಿಸಬೇಡಿ.

ಉಷ್ಣತೆಯೂ ಒಂದು ಕಾರಣ. ಲಿಥಿಯಂ ಬ್ಯಾಟರಿ ಬಿಸಿಯಲ್ಲಿ ಬೇಗ ಮುದಿಯಾಗುತ್ತದೆ. ರಾತ್ರಿ ಎಸಿ ಆರಿಸುವ ಪದ್ಧತಿ ಇದ್ದರೆ ಬಿಡಿಸಿ.

ಹೊಸದು ಬರುವವರೆಗೆ ಹೀಗೆಯೇ ನಡೆಸಿ. ನಿಧಾನ, ಆದರೆ ಸುರಕ್ಷಿತ. ಸಂಗ್ರಾಹಕರನ್ನು ಎರಡು ತಂಡ ಮಾಡಿ ಸ್ವಲ್ಪ ಹಿಂದುಮುಂದೆ ಬರಲು ಹೇಳಿ, ಬಸ್ ದೂರದವರು ಮೊದಲು. ಆ ಹೊತ್ತಿನಲ್ಲಿ ಯಾವ ವರದಿಯನ್ನೂ ತೆಗೆಯಬೇಡಿ.

ಹಂಪನಕಟ್ಟೆ | ಮಂಗಳವಾರ, ರಾತ್ರಿ 8.44

ನನ್ನ ಅಭಿಪ್ರಾಯ ಬೇರೆ. ನಮ್ಮ ಕಚೇರಿಯಲ್ಲಿ ಎರಡು ಗಂಟೆ ಹಿಡಿಯುವ ಯುಪಿಎಸ್ ಇದೆ, ಕೆಳಗೆ ಜನರೇಟರ್ ಇದೆ. ಮೂರು ವರ್ಷದಿಂದ ಬಲವಂತದ ರೈಟ್-ಬ್ಯಾಕ್‌ನಲ್ಲೇ ಓಡುತ್ತಿದ್ದೇವೆ. ಮೂರು ಮಳೆಗಾಲ ಕಳೆದವು, ಒಂದು ನಮೂದೂ ಹೋಗಿಲ್ಲ. ಯುಪಿಎಸ್ ಗಟ್ಟಿ ಇದ್ದರೆ ಕಾರ್ಡಿನ ಬ್ಯಾಟರಿ ಎರಡನೇ ಕೊಡೆ ಮಾತ್ರ. ಜನರನ್ನು ಸರತಿಯಲ್ಲಿ ನಿಲ್ಲಿಸುವಷ್ಟು ದೊಡ್ಡ ಅಪಾಯ ಇದಲ್ಲ.

ಬೈಕಂಪಾಡಿ ಸರ್ವೀಸ್ | ಮಂಗಳವಾರ, ರಾತ್ರಿ 10.20

ಮಾರಾಯರೇ, ನಾನೂ ಹೀಗೆಯೇ ನಂಬಿದ್ದೆ. ನಾನು ಕಣ್ಣಾರೆ ಕಂಡದ್ದನ್ನು ಹೇಳುತ್ತೇನೆ.

ಬಂದರು ಬದಿಯ ಒಂದು ಮೀನು ವ್ಯಾಪಾರದ ಕಚೇರಿ. ಟ್ರಾಲಿಂಗ್ ನಿಷೇಧದ 61 ದಿನ ಮುಗಿದು ಆಗಸ್ಟ್ ಮೊದಲ ವಾರ. ದೋಣಿಗಳು ಒಂದರ ಹಿಂದೆ ಒಂದು ಬರುತ್ತಿದ್ದವು, ಸರ್ವರಿನಲ್ಲಿ ಬಿಡುವಿಲ್ಲದ ನಮೂದು. ಬ್ಯಾಟರಿ ಸತ್ತು ಆರು ತಿಂಗಳಾಗಿತ್ತು, ವೇಗ ಬೇಕೆಂದು ಬಲವಂತದ ರೈಟ್-ಬ್ಯಾಕ್ ಹಾಕಿದವನು ನಾನೇ. ಒಂದು ಸಂಜೆ ಸರ್ವರಿನ ಪವರ್ ಸಪ್ಲೈ ಪಟ್ ಎಂದು ಹೋಯಿತು. ನಾನು ಹೋಗಿ ನೋಡುವಾಗ ಯುಪಿಎಸ್‌ನ ಹಸಿರು ದೀಪ ಉರಿಯುತ್ತಿತ್ತು, ಫ್ಯಾನು ತಿರುಗುತ್ತಿತ್ತು, ಗೋಡೆಯಲ್ಲಿ ಕರೆಂಟೂ ಇತ್ತು. ಸರ್ವರ್ ಮಾತ್ರ ಕತ್ತಲೆ. ಯುಪಿಎಸ್ ಗೋಡೆಗೂ ಸರ್ವರಿಗೂ ನಡುವಿನ ದಾರಿಯನ್ನು ಕಾಯುತ್ತದೆ. ಸರ್ವರಿನ ಹೊಟ್ಟೆಯೊಳಗೆ ಏನಾದರೂ ಕಡಿದುಹೋದರೆ ಅದು ಏನು ಮಾಡೀತು?

ಹೊಸ ಪವರ್ ಸಪ್ಲೈ ಹಾಕಿ ಎಬ್ಬಿಸಿದಾಗ ಡೇಟಾಬೇಸ್ ತೆರೆಯಲಿಲ್ಲ. ಹಿಂದಿನ ರಾತ್ರಿಯ ಬ್ಯಾಕಪ್ ಇತ್ತು. ಆ ದಿನದ ಲೆಕ್ಕವನ್ನು ಕಾರ್ಬನ್ ಪ್ರತಿಗಳಿಂದ ಮತ್ತೆ ಬರೆದೆವು. ಮಂಜುಗಡ್ಡೆಯ ನೀರು ಬಿದ್ದು ಚೀಟಿಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಅವನ್ನು ಫ್ಯಾನಿನ ಕೆಳಗೆ ಒಂದೊಂದಾಗಿ ಬಿಡಿಸಿ ಒಣಗಿಸಿ, ನೀಲಿ ಮಸಿ ಹರಡಿದ ಅಂಕಿಗಳನ್ನು ದೀಪಕ್ಕೆ ಹಿಡಿದು ಓದಿದೆವು. ಅದು 3 ಆಗಿತ್ತೋ 8 ಆಗಿತ್ತೋ ಎಂದು ದೋಣಿಯವರಿಗೇ ಫೋನ್ ಮಾಡಿ ಕೇಳಿದ್ದಿದೆ. ಮೂರು ರಾತ್ರಿ. ಅವರು ನನ್ನನ್ನು ಬೈಯಲಿಲ್ಲ, ಯಾಕೆಂದರೆ ಕಾರಣ ಅವರಿಗೆ ಗೊತ್ತಿರಲಿಲ್ಲ. ನಾನೇ ಹೇಳಬೇಕಾಯಿತು.

ಮಣಿಪಾಲ ಡೇಟಾ | ಮಂಗಳವಾರ, ರಾತ್ರಿ 11.05

ಇದಕ್ಕೆ ಒಂದು ಮಾತು ಸೇರಿಸಲೇಬೇಕು. ಕ್ಯಾಶ್ ಹೋದರೆ "ಕೊನೆಯ ಒಂದೆರಡು ನಿಮಿಷದ ನಮೂದು ಹೋಗುತ್ತದೆ, ಮತ್ತೆ ಹಾಕಿದರಾಯಿತು" ಎಂದು ಬಹಳ ಜನ ತಿಳಿದಿದ್ದಾರೆ. ಹಾಗಲ್ಲ. ಕಾರ್ಡು ತನ್ನ ಅನುಕೂಲಕ್ಕೆ ತಕ್ಕಂತೆ ಬರಹಗಳ ಕ್ರಮವನ್ನು ಬದಲಿಸುತ್ತದೆ. ಆಮೇಲಿನದು ಮೊದಲು ಡಿಸ್ಕಿಗೆ ಇಳಿದಿರಬಹುದು, ಮೊದಲಿನದು ಕ್ಯಾಶ್‌ನಲ್ಲೇ ಉಳಿದಿರಬಹುದು. ಕರೆಂಟು ಹೋದಾಗ ಪುಸ್ತಕದ ಕೊನೆಯ ಪುಟ ಮಾತ್ರ ಹರಿಯುವುದಿಲ್ಲ, ನಡುವಿನ ಹಾಳೆಗಳೂ ಹೋಗುತ್ತವೆ. ಸೂಚಿ ಒಂದು ಹೇಳುತ್ತದೆ, ಪುಟ ಇನ್ನೊಂದು ಹೇಳುತ್ತದೆ. ಡೇಟಾಬೇಸ್‌ನ ಚೇತರಿಕೆಯ ವಿಧಾನವೆಲ್ಲ "ಬರೆದಾಯಿತು ಎಂದದ್ದು ಬರೆದಿರುತ್ತದೆ" ಎಂಬ ಒಂದೇ ನಂಬಿಕೆಯ ಮೇಲೆ ನಿಂತಿದೆ.

ಹಂಪನಕಟ್ಟೆ | ಬುಧವಾರ, ಬೆಳಿಗ್ಗೆ 9.30

ಪವರ್ ಸಪ್ಲೈ ವಿಷಯ ನಾನು ಯೋಚಿಸಿರಲಿಲ್ಲ. ನಮ್ಮದರಲ್ಲಿ ಎರಡು ಪವರ್ ಸಪ್ಲೈ ಇವೆ, ಆದ್ದರಿಂದ ನನ್ನ ಅಪಾಯ ನಿಮ್ಮ ಮೀನು ಕಚೇರಿಯಷ್ಟಿಲ್ಲ ಎಂದೇ ಈಗಲೂ ಅನ್ನಿಸುತ್ತದೆ. ಆದರೆ ಮದರ್‌ಬೋರ್ಡ್ ಒಂದೇ. ಇಂದು ಬಲವಂತದ ಆಯ್ಕೆಯನ್ನು ತೆಗೆದು ಬ್ಯಾಟರಿಗೆ ಆರ್ಡರ್ ಕೊಟ್ಟಿದ್ದೇನೆ.

ಮಲ್ಪೆ ಬಂದರು | ಬುಧವಾರ, ಬೆಳಿಗ್ಗೆ 11.12

ನನ್ನ ತೊಂದರೆ ಸ್ವಲ್ಪ ಬೇರೆ, ಇಲ್ಲೇ ಹೇಳುತ್ತೇನೆ. ನಮ್ಮಲ್ಲಿ "ಬ್ಯಾಟರಿ ಇಲ್ಲ" ಎಂದು ಬರುವುದು, ಒಂದು ಗಂಟೆಯಲ್ಲಿ "ಬ್ಯಾಟರಿ ಇದೆ" ಎಂದು ಬರುವುದು, ತಿಂಗಳಿಗೆ ನಾಲ್ಕೈದು ಸಲ. ಎರಡು ಬ್ಯಾಟರಿ ಬದಲಿಸಿದರೂ ನಿಲ್ಲಲಿಲ್ಲ. ಕೊನೆಗೆ ಕನೆಕ್ಟರನ್ನು ಭೂತಗನ್ನಡಿಯಲ್ಲಿ ನೋಡಿದರೆ ಪಿನ್ನುಗಳ ಬುಡದಲ್ಲಿ ಹಸಿರು ಕಿಲುಬು. ನಮ್ಮ ಕಚೇರಿಯ ಕಿಟಕಿ ಕಡಲಿಗೇ ಮುಖ ಮಾಡಿದೆ. ಕಾಂಟ್ಯಾಕ್ಟ್ ಕ್ಲೀನರ್ ಹಾಕಿ ಒರೆಸಿ, ಕೇಬಲ್ ಬದಲಿಸಿದ ಮೇಲೆ ಒಮ್ಮೆಯೂ ಬಂದಿಲ್ಲ. ಬರುತ್ತ ಹೋಗುತ್ತ ಇರುವ ಎಚ್ಚರಿಕೆ ಆದರೆ ಬ್ಯಾಟರಿಗಿಂತ ಮೊದಲು ಕೇಬಲ್ ನೋಡಿ.

ಬೈಕಂಪಾಡಿ ಸರ್ವೀಸ್ | ಬುಧವಾರ, ಮಧ್ಯಾಹ್ನ 1.40

ಇದು ಒಳ್ಳೆಯ ಮಾಹಿತಿ. ಕರಾವಳಿಯಲ್ಲಿ ಇದನ್ನು ಎಲ್ಲರೂ ನೆನಪಿಡಬೇಕು.

ಮೇಡಂ, ಬ್ಯಾಟರಿ ಖರೀದಿಸುವಾಗ ಕಾರ್ಡಿನ ಹೆಸರು ಹೇಳಿದರೆ ಸಾಲದು, ಹಳೆಯ ಬ್ಯಾಟರಿಯ ಮೇಲಿನ ಪಾರ್ಟ್ ನಂಬರನ್ನೇ ಕೊಡಿ. ಒಂದೇ ಕಾರ್ಡಿನ ಎರಡು ಆವೃತ್ತಿಗೆ ಬೇರೆ ಬೇರೆ ಕನೆಕ್ಟರ್ ಇರುವುದುಂಟು. ತಯಾರಾದ ದಿನಾಂಕ ಕೇಳಿ. ಅಂಗಡಿಯ ಕಪಾಟಿನಲ್ಲಿ ನಾಲ್ಕು ವರ್ಷ ಕೂತ "ಹೊಸ" ಬ್ಯಾಟರಿ ಹೊಸದಲ್ಲ. ಕೈಗೆ ಬಂದ ಮೇಲೆ ಸಾಮರ್ಥ್ಯದ ಅಂಕಿ ನೋಡಿಯೇ ಹಣ ಪೂರ್ತಿ ಕೊಡುತ್ತೇನೆ ಎಂದು ಮೊದಲೇ ಮಾತಾಡಿಕೊಳ್ಳಿ.

ಬದಲಿಸುವ ದಿನ ಮೊದಲು ಬ್ಯಾಕಪ್. ಆಮೇಲೆ ಸರ್ವರನ್ನು ಕ್ರಮವಾಗಿ ನಿಲ್ಲಿಸಿ, ಪವರ್ ಕೇಬಲ್ ಕಿತ್ತು, ನಂತರವೇ ಮುಚ್ಚಳ. ಮತ್ತೆ ಎಬ್ಬಿಸುವಾಗ ಡಿಸ್ಕ್ ಕಾಣುತ್ತಿಲ್ಲ, ಕ್ಯಾಶ್‌ನಲ್ಲಿ ಉಳಿದ ದತ್ತಾಂಶವಿದೆ, ಅಳಿಸಲೇ ಎಂದು ಕೇಳಿದರೆ ಒಪ್ಪಬೇಡಿ. ನಿಲ್ಲಿಸಿ, ಡಿಸ್ಕಿನ ಕೇಬಲ್ ಸರಿಯಾಗಿ ಕೂತಿದೆಯೇ ನೋಡಿ. ಡಿಸ್ಕ್ ಮರಳಿದರೆ ಕಾರ್ಡು ತಾನೇ ಅದನ್ನು ಬರೆದು ಮುಗಿಸುತ್ತದೆ.

ಕುಂದಾಪುರ ಶಾಖೆ | ಬುಧವಾರ, ರಾತ್ರಿ 9.00

ಹೊಸ ಸರ್ವರ್ ಕೊಳ್ಳುವ ಯೋಜನೆ ಇದ್ದರೆ ಒಂದು ಮಾತು: ಈಗಿನ ಕಾರ್ಡುಗಳು ಮೆಮೊರಿಯನ್ನು ದಿನಗಟ್ಟಲೆ ಹಿಡಿದಿಡುವುದಿಲ್ಲ. ಕರೆಂಟು ಹೋದ ಕೂಡಲೇ ಕ್ಯಾಶ್‌ನಲ್ಲಿ ಇರುವುದನ್ನು ಫ್ಲ್ಯಾಶ್‌ಗೆ ಇಳಿಸಿಬಿಡುತ್ತವೆ. ಅಷ್ಟು ಹೊತ್ತಿಗೆ ಸಾಲುವಷ್ಟು ಶಕ್ತಿಯನ್ನು ಮೆಗಾರೈಡ್‌ನ ಕ್ಯಾಶ್‌ವಾಲ್ಟ್‌ನಲ್ಲಿ ಸೂಪರ್ ಕೆಪಾಸಿಟರ್ ಕೊಡುತ್ತದೆ. ಎಚ್‌ಪಿಯಲ್ಲೂ ಹಳೆಯ ಬ್ಯಾಟರಿ ಹೋಗಿ ಕೆಪಾಸಿಟರ್ ಬಂತು, ಜೆನ್ 9ರಿಂದ ಇಡೀ ಸರ್ವರಿಗೆ ಒಂದೇ ಸ್ಮಾರ್ಟ್ ಸ್ಟೋರೇಜ್ ಬ್ಯಾಟರಿ. ಇವೂ ಬಿಸಿಗೆ ಸವೆಯುತ್ತವೆ, ಎಚ್ಚರಿಕೆ ಇವುಗಳಿಂದಲೂ ಬರುತ್ತದೆ.

ರಥಬೀದಿ ಲೆಕ್ಕದವಳು | ಮುಂದಿನ ಮಂಗಳವಾರ, ರಾತ್ರಿ 8.15

ಕೆಲಸ ಮುಗಿಯಿತು, ನಡೆದದ್ದನ್ನು ಹೇಳುತ್ತೇನೆ.

ಶನಿವಾರ ಬ್ಯಾಟರಿ ಬಂತು. ಭಾನುವಾರ ಬೆಳಿಗ್ಗೆ ಬ್ಯಾಕಪ್ ಮಾಡಿ, ಬೇರೊಂದು ಕಂಪ್ಯೂಟರಿನಲ್ಲಿ ಅದನ್ನು ತೆರೆದು ನೋಡಿ, ಆಮೇಲೆ ಸರ್ವರ್ ನಿಲ್ಲಿಸಿದೆ. ಮುಚ್ಚಳ ತೆಗೆದಾಗ ಬ್ಯಾಟರಿ ಎಲ್ಲಿದೆ ಎಂದು ಹುಡುಕಬೇಕಾಗಲಿಲ್ಲ. ಬೆಂಕಿಪೊಟ್ಟಣದಷ್ಟು ತೆಳ್ಳಗೆ ಇರಬೇಕಾದದ್ದು ಉದ್ದಿನ ಹಪ್ಪಳ ಎಣ್ಣೆಯಲ್ಲಿ ಉಬ್ಬಿದಂತೆ ಉಬ್ಬಿ, ಪ್ಲಾಸ್ಟಿಕ್ ಚೌಕಟ್ಟಿನ ಒಂದು ಮೂಲೆಯನ್ನು ಬಿರುಕು ಬಿಡಿಸಿತ್ತು. ಬೆರಳಿನಿಂದ ಒತ್ತಲಿಲ್ಲ. ಕನೆಕ್ಟರನ್ನು ತಂತಿ ಹಿಡಿದು ಎಳೆಯದೆ ಉಗುರಿನಿಂದ ಎರಡೂ ಬದಿ ಸಡಿಲಿಸಿ ತೆಗೆದೆ. ಪಿನ್ನುಗಳು ಶುಭ್ರವಾಗಿದ್ದವು. ಪಕ್ಕದ ಗಾಳಿಯ ದಾರಿಯಲ್ಲಿ ಬೆರಳುದ್ದ ಧೂಳಿನ ಪದರ ಇತ್ತು, ಅದನ್ನೂ ಬ್ರಷ್‌ನಿಂದ ತೆಗೆದೆ.

ಎಬ್ಬಿಸಿದ ಕೂಡಲೇ ರೈಟ್-ಬ್ಯಾಕ್ ಬರಲಿಲ್ಲ, ಒಂದು ಕ್ಷಣ ಎದೆ ಹೊಡೆದುಕೊಂಡಿತು. ಹೊಸ ಬ್ಯಾಟರಿ ಚಾರ್ಜ್ ಆಗುತ್ತಿತ್ತು ಅಷ್ಟೆ. ಸಂಜೆ ನಾಲ್ಕರ ಹೊತ್ತಿಗೆ ಈಗಿನ ನೀತಿ ತಾನಾಗಿಯೇ ರೈಟ್-ಬ್ಯಾಕ್ ಆಯಿತು, ನಾನು ಯಾವ ಸೆಟ್ಟಿಂಗನ್ನೂ ಮುಟ್ಟಲಿಲ್ಲ. ಪೂರ್ಣ ಸಾಮರ್ಥ್ಯ 1190. ಧೂಳು ಹೋದ ಮೇಲೆ ಉಷ್ಣತೆ 43.

ನಿನ್ನೆ ಮತ್ತು ಇಂದು ಒಂದು ಯಂತ್ರಕ್ಕೆ ಹಿಡಿದದ್ದು 50 ಸೆಕೆಂಡು. ಆರೂ ಹತ್ತಕ್ಕೆ ಕೊನೆಯ ರಶೀದಿ ಮುಗಿಯಿತು, ಹಿರಿಯಡಕದವರು ಬಸ್‌ಗೆ ನಡೆದುಕೊಂಡೇ ಹೋದರು. ಎಚ್ಚರಿಕೆಯ ಇಮೇಲ್ ಈಗ ನನಗೂ ಕಾರ್ಯದರ್ಶಿಯವರಿಗೂ ಬರುತ್ತದೆ. ಪರೀಕ್ಷೆಗೆಂದು ಒಂದು ಕಳುಹಿಸಿ ನೋಡಿದ್ದೇನೆ.

ಒಂದು ಸಂದೇಹ ಉಳಿದಿದೆ. ಉಬ್ಬಿದ ಹಳೆಯ ಬ್ಯಾಟರಿಯನ್ನು ಏನು ಮಾಡಲಿ? ಸದ್ಯಕ್ಕೆ ಟರ್ಮಿನಲ್‌ಗೆ ಟೇಪ್ ಸುತ್ತಿ, ಒಣ ಮರಳು ಹಾಕಿದ ತಗಡಿನ ಡಬ್ಬಿಯಲ್ಲಿ ಕಟ್ಟಡದ ಹೊರಗಿನ ಜಗಲಿಯಲ್ಲಿ ಇಟ್ಟಿದ್ದೇನೆ.

ಬೈಕಂಪಾಡಿ ಸರ್ವೀಸ್ | ಮಂಗಳವಾರ, ರಾತ್ರಿ 8.50

ಸರಿಯಾಗಿಯೇ ಇಟ್ಟಿದ್ದೀರಿ. ಕಸದ ಗಾಡಿಗೆ ಕೊಡಬೇಡಿ, ಗಾಡಿಯೊಳಗೆ ಒತ್ತಿದರೆ ಬೆಂಕಿ ಹಿಡಿಯಬಹುದು. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣೆಯ ನಿಯಮಗಳ ಪ್ರಕಾರ ಹಳೆಯದನ್ನು ಮರಳಿ ಸಂಗ್ರಹಿಸುವ ಹೊಣೆ ತಯಾರಕರ ಮೇಲಿದೆ. ಹೊಸದನ್ನು ಕೊಟ್ಟ ಅಂಗಡಿಯವರನ್ನೇ ಕೇಳಿ, ಅಧಿಕೃತ ಮರುಬಳಕೆದಾರರಿಗೆ ಕೊಟ್ಟ ರಶೀದಿ ಪಡೆಯಿರಿ. ಮಳೆ ಬಂದರೆ ಜಗಲಿಯ ಎರಚಲು ತಾಗದಂತೆ ಡಬ್ಬಿಯನ್ನು ಒಳಬದಿಗೆ ಸರಿಸಿ.

ಮೊದಲ ಲರ್ನ್ ಸೈಕಲ್ ಯಾವಾಗ ಎಂದು ನೋಡಿದಿರಾ?

ರಥಬೀದಿ ಲೆಕ್ಕದವಳು | ಮಂಗಳವಾರ, ರಾತ್ರಿ 9.05

ನೋಡಿದೆ ಸರ್. ಗುರುವಾರ ಸಂಜೆ ಆರು ಗಂಟೆಗೆ ಬಿದ್ದಿತ್ತು, ಸರಿಯಾಗಿ ಪಿಗ್ಮಿಯ ಹೊತ್ತಿಗೆ. ಭಾನುವಾರ ಬೆಳಗಿನ ಎರಡು ಗಂಟೆಗೆ ಮುಂದೂಡಿ, ಕೌಂಟರಿನ ಕ್ಯಾಲೆಂಡರಿನಲ್ಲಿ ಕೆಂಪು ಶಾಯಿಯಲ್ಲಿ ಬರೆದಿದ್ದೇನೆ.